ಇಲ್ಲದ ಕೂಸಿನ ಪಾಲು

ತಿಂಗಳಿಗೆ ಮೂರು ದಿನ ಬೊಮ್ಮಿ ಮನೆಯವಳಲ್ಲ.

ಹಿತ್ತಿಲಿನ ಕೊನೆಯಲ್ಲಿ, ಕೊಟ್ಟಿಗೆಗೂ ಬೇಲಿಗೂ ನಡುವೆ, ತೆಂಗಿನ ಮಡಲು ಹೊದಿಸಿದ ಒಂದು ಮಾಡು. ಅದರ ಕೆಳಗೆ ಹರಿದ ಚಾಪೆ, ಒಂದು ಕರಟ, ಬಾಯಿ ಒಡೆದ ಒಂದು ಗಡಿಗೆ. ಮುಟ್ಟಾದವಳು ಅಲ್ಲಿರಬೇಕು. ಅತ್ತೆ ಸುಕ್ರಿ ಮೈ ಸೋಕದ ಹಾಗೆ ದೂರ ನಿಂತು ಕರಟಕ್ಕೆ ಗಂಜಿ ಸುರಿದು ಹೋಗುತ್ತಾಳೆ. ಮನೆಯೊಳಗೆ ಬರಬಾರದು. ಬಾವಿ ಮುಟ್ಟಬಾರದು. ತುಳಸಿಯ ಕಡೆ ನೋಡಬಾರದು. ಒಡೆಯರ ಗದ್ದೆಗೆ ಮಾತ್ರ ಮೈಲಿಗೆ ಇಲ್ಲ. ಬೆಳಗಾದ ಕೂಡಲೆ ಮಾಡಿನಿಂದ ಎದ್ದು ನೇರ ಗದ್ದೆಗೆ ಇಳಿಯಬೇಕು. ಸಂಜೆ ಗದ್ದೆಯಿಂದ ನೇರ ಮಾಡಿಗೆ.

ಹೆಬಳೆಯ ಆ ಕೇರಿಯ ಎಲ್ಲ ಹೆಂಗಸರ ಪಾಡೂ ಇದೇ. ಅವರು ಎದ್ದು ಹೋಗುತ್ತಿದ್ದರು, ಬೊಮ್ಮಿಗೆ ಏಳಲು ಆಗುತ್ತಿರಲಿಲ್ಲ.

ಕಿಬ್ಬೊಟ್ಟೆಯೊಳಗೆ ಯಾರೋ ಮೊಂಡು ಕತ್ತಿಯಿಂದ ಕೆರೆಯುತ್ತಿರುವ ಹಾಗೆ. ಸೊಂಟ ಮುರಿದು ತೊಡೆಯ ಕೆಳಗಿನವರೆಗೆ ಹರಿಯುವ ಉರಿ. ಬಯಲಿಗೆ ಕೂತರೂ ನೋವು. ಗಂಡ ಮೈ ಮುಟ್ಟಿದರೂ ನೋವು. ಹುಣ್ಣಿಮೆ ಕಳೆದ ನಾಲ್ಕನೆಯ ದಿನಕ್ಕೆ ಬೊಮ್ಮಿ ಹೊರಗೆ ಎಂಬುದು ಇಡೀ ಕೇರಿಗೆ ಗೊತ್ತು. ಹುಣ್ಣಿಮೆ ಹತ್ತಿರ ಬಂದ ಹಾಗೆ ಅವಳ ಮುಖ ಒಣಗುತ್ತಿತ್ತು. ಊರಿನವರಿಗೆ ಬೆಳದಿಂಗಳು, ಬೊಮ್ಮಿಗೆ ಹೆದರಿಕೆ.

ಆ ವರ್ಷ ಸಸಿ ಕೀಳುವಾಗ ಅವಳು ಅಗೆಯ ಗದ್ದೆಯಲ್ಲೇ ಮೊಣಕಾಲಿಗೆ ಹೊಟ್ಟೆ ಒತ್ತಿ ಕುಕ್ಕುರು ಕೂತುಬಿಟ್ಟಳು. ಒಡೆಯರ ಕಡೆಯಿಂದ ಆಳು ನೋಡಿಕೊಳ್ಳುವ ದುರ್ಗಪ್ಪ ಅಂಚಿನ ಮೇಲೆ ಕೊಡೆ ಹಿಡಿದು ನಿಂತಿದ್ದ.

"ಎಂತದೇ ಬೊಮ್ಮಿ, ಗದ್ದೆಲಿ ಮೊಟ್ಟೆ ಇಡ್ತೀಯಾ? ಏಳೇ!"

ಹೆಂಗಸರೆಲ್ಲ ನಕ್ಕರು. ನಗದಿದ್ದರೆ ದುರ್ಗಪ್ಪನಿಗೆ ಸಿಟ್ಟು ಬರುತ್ತದೆ. ಬೊಮ್ಮಿಯೂ ನಕ್ಕಳು. ನಗುತ್ತಲೇ ಎದ್ದಳು. ಬಾಯೊಳಗೆ ತುಟಿ ಕಚ್ಚಿದ ರಕ್ತದ ರುಚಿ.

ಮನೆಯಲ್ಲಿ ಸುಕ್ರಿಯದು ಬೇರೆ. "ನಾನು ಏಳು ಹೆತ್ತೆ. ಹೆತ್ತ ಮಾರನೆ ದಿವ್ಸ ಒರಳಿಗೆ ಭತ್ತ ಹಾಕ್ದೆ. ಹೆರದೇ ಇರೂವಳಿಗೆ ಎಂತ ನೋವೆ? ಗೊಡ್ಡು ದನಕ್ಕೆ ಹೊಟ್ಟೆನೋವಂತೆ!"

ಸುಕ್ರಿ ಹೆತ್ತ ಏಳರಲ್ಲಿ ಉಳಿದದ್ದು ಶನಿಯಾರ ಒಬ್ಬನೆ. ಬೊಮ್ಮಿಯ ಗಂಡ. ಮದುವೆಯಾಗಿ ಹನ್ನೆರಡು ವರ್ಷವಾದರೂ ಬೊಮ್ಮಿಯ ಹೊಟ್ಟೆ ತುಂಬಲಿಲ್ಲ. ಮುಟ್ಟಳ್ಳಿಯಲ್ಲಿ ಒಂದು ಹುಡುಗಿ ಇದೆ, ಈ ಬೇಸಿಗೆಗೆ ತಂದುಬಿಡುವ ಎಂದು ಸುಕ್ರಿ ಬೊಮ್ಮಿಯ ಎದುರಿಗೇ ಮಾತಾಡುತ್ತಿದ್ದಳು. ಶನಿಯಾರ ಹೂಂ ಎನ್ನುತ್ತಿರಲಿಲ್ಲ, ಊಹೂಂ ಎನ್ನುತ್ತಲೂ ಇರಲಿಲ್ಲ. ಬೀಡಿ ಸೇದುತ್ತಿದ್ದ.

ಹೊನ್ನಾವರಕ್ಕೆ ಹೋಗುವ ಮಾತು ತೆಗೆದವಳು ಗಂಗೆ. ಒಣಮೀನು ಹೊತ್ತು ಹೊಳೆಯಾಚೆ ಮಾರುವ ವಿಧವೆ. ಪುಷ್ಯದಲ್ಲಿ ಒಂದು ದಿನ ಗುಡ್ಡದಿಂದ ಒಣಗಿದ ದರಕೆಲೆಯ ಹೊರೆ ಹೊತ್ತು ಇಳಿಯುತ್ತಿದ್ದ ಬೊಮ್ಮಿ ದಾರಿಯಲ್ಲಿ ಬಿದ್ದದ್ದನ್ನು ಅವಳು ಕಂಡಳು. ಹೊರೆ ಒಂದು ಕಡೆ, ಬೊಮ್ಮಿ ಒಂದು ಕಡೆ. ಬೊಮ್ಮಿ ಮಣ್ಣು ಕಚ್ಚಿ ನರಳುತ್ತಿದ್ದಳು.

ಗಂಗೆ ಬುಟ್ಟಿ ಇಳಿಸಿ ಪಕ್ಕದಲ್ಲಿ ಕೂತಳು. "ಇದು ನಾಟಕ ಅಲ್ದೇ ಮಾರಾಯ್ತಿ. ನನ್ನ ಕಣ್ಣೆಂತ ಕುರುಡಾ? ಹೊನ್ನಾವರದಲ್ಲಿ ಒಬ್ರು ಡಾಕ್ಟರಬಾಯಿ ಇದ್ದಾರೆ. ನಾಳೆ ನನ್ನ ಸಂಗ್ತಿಗೆ ಬಾ."

ಬೊಮ್ಮಿ ತಾನು ಕಟ್ಟಿಟ್ಟಿದ್ದ ಹಿಡಿಕಡ್ಡಿಯ ಪೊರಕೆಗಳನ್ನು ಮಾರಿ ಹೊರಟಳು. ಕಾಸರಕೋಡಿನವರೆಗೆ ಬಸ್ಸು. ಅಲ್ಲಿಂದ ಶರಾವತಿ ದಾಟಲು ಲಾಂಚು. ಆಸ್ಪತ್ರೆಯ ಜಗಲಿಯಲ್ಲಿ ಆಯಾ ಮೂಗು ಮುಚ್ಚಿಕೊಂಡು, "ಮೀನಿನವ್ರು ಅತ್ತ ಕೂತ್ಕಳಿ" ಎಂದಳು. ಅತ್ತ ಬಿಸಿಲಿತ್ತು. ಮಧ್ಯಾಹ್ನದವರೆಗೆ ಬಿಸಿಲಲ್ಲೇ ಕೂತರು.

ಡಾಕ್ಟರಬಾಯಿ ಧಾರವಾಡ ಕಡೆಯವರು. ಸಣ್ಣ ದೇಹ, ದೊಡ್ಡ ಕನ್ನಡಕ. ಕೈ ಹಾಕಿ ಪರೀಕ್ಷೆ ಮಾಡುವಾಗ ಒಂದು ಜಾಗದಲ್ಲಿ ಬೊಮ್ಮಿ ಕಿರುಚಿದಳು. ಕಿರುಚಿದ್ದಕ್ಕೆ ಬೈಗುಳ ಬರುತ್ತದೆ ಎಂದು ಬಾಯಿಗೆ ಸೆರಗು ತುರುಕಿಕೊಂಡಳು. ಬಾಯಿಯವರು ಸೆರಗನ್ನು ತೆಗೆದರು.

"ಒದರು. ನೋವು ಖರೇನ ಅದ. ಗಂಟು ಕೈಗೆ ಹತ್ತತಾವ."

ನೋವು ಖರೇನ ಅದ. ಬೊಮ್ಮಿ ಆ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳಬೇಕೆಂದು ಅವರ ಬಾಯಿಯನ್ನೇ ನೋಡಿದಳು. ಹನ್ನೆರಡು ವರ್ಷಗಳಲ್ಲಿ ಗಂಗೆಯನ್ನು ಬಿಟ್ಟರೆ ಒಬ್ಬರೂ ಅದನ್ನು ಹೇಳಿರಲಿಲ್ಲ. ಕಣ್ಣಲ್ಲಿ ನೀರು ಇಳಿಯಿತು. ಅದು ನೋವಿಗೆ ಬಂದ ನೀರಲ್ಲ.

ಬಾಯಿಯವರು ಹೇಳಿದರು. ಗರ್ಭಚೀಲದ ಒಳಗೆ ಇರಬೇಕಾದ ಪದರ ಇವಳಿಗೆ ಹೊರಗೂ ಅಲ್ಲಲ್ಲಿ ಅಂಟಿ ಬೆಳೆದ ಹಾಗಿದೆ. ತಿಂಗಳಿಗೊಮ್ಮೆ ಅದೂ ರಕ್ತ ಬಿಡುತ್ತದೆ. ಆ ರಕ್ತಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಹೊಟ್ಟೆ ಕೊಯ್ದು ನೋಡಿದರೇ ಪೂರ್ತಿ ಖಚಿತ. ಆದರೆ ಮೊದಲು ಗುಳಿಗೆ ಕೊಟ್ಟು ನೋಡೋಣ.

ಬೊಮ್ಮಿಗೆ ಅರ್ಥವಾಯಿತು. ನೀರು ಹೋಗಲು ಕಂಡಿಯಿಲ್ಲದ ಗದ್ದೆ. ನಿಂತ ನೀರಿನಲ್ಲಿ ಬೇರು ಕೊಳೆಯುತ್ತದೆ.

"ಕೂಸಾಗ್ತದಾ ಬಾಯೀ?"

"ಆಗಬಹುದು, ಆಗದೇನೂ ಇರಬಹುದು. ಮೊದಲ ನಿನ್ನ ನೋವು ಹೋಗಲಿ."

ಮೊದಲು ನಿನ್ನ ನೋವು. ಇದೂ ಹೊಸ ಮಾತೇ.

ಮುಂಬಯಿ ಕಂಪನಿಯವನು ಬಿಟ್ಟುಹೋದ ಮಾದರಿಯ ಪೊಟ್ಟಣಗಳಿದ್ದವು. ಬಿಳಿಯ, ಕೊತ್ತಂಬರಿ ಕಾಳಿನಷ್ಟು ಗುಳಿಗೆಗಳು. ಬಾಯಿಯವರು ಒಂದು ತಿಂಗಳಿಗಾಗುವಷ್ಟು ಕೊಟ್ಟರು.

"ಒಂಬತ್ತು ತಿಂಗಳು. ನಡುವ ಬಿಡಬ್ಯಾಡ. ಬಿಟ್ಟಿಯಂದ್ರ ರಕ್ತ ಒಮ್ಮೆಲೆ ಬರತದ. ಮೊದಮೊದಲ ವಾಂತಿ ಬಂದಂಗ ಆಗತದ, ಎದಿ ಭಾರ ಆಗತದ, ಮುಟ್ಟು ನಿಲ್ಲತದ. ನಿನ್ನ ಮೈ ತಾನು ಬಸುರಿ ಅಂತ ತಿಳಕೋತದ. ಹಂಗ ತಿಳಕೊಂಡ್ರ ಆ ಪದರ ಒಣಗತದ."

"ಮೈಗೆ ಸುಳ್ಳು ಹೇಳೂದಾ?"

ಬಾಯಿಯವರು ನಕ್ಕರು. "ಹೂಂ. ನೋವಿನ ಸಲುವಾಗಿ ಒಂದು ಸುಳ್ಳು. ಖಾಲಿ ಹೊಟ್ಟಿಲೆ ನುಂಗಬ್ಯಾಡ. ದಿನಾ ಉಂಡ ಮ್ಯಾಲೆ."

ಆ ಸಂಜೆ ಬಾವಿಕಟ್ಟೆಯ ಹತ್ತಿರ ಬೊಮ್ಮಿ ಗಂಡನಿಗೆ ಎಲ್ಲ ಹೇಳಿದಳು. ಒಂದೂ ಬಿಡದೆ ಹೇಳಿದಳು. ಪೊಟ್ಟಣ ತೋರಿಸಿದಳು. ಶನಿಯಾರ ಒಂದು ಗುಳಿಗೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ. "ಆತು. ನುಂಗು. ಅಬ್ಬೆ ಹತ್ರ ಹೇಳ್ಬೇಡ, ಸುಮ್ನೆ ಗಲಾಟೆ" ಎಂದ. ಬೊಮ್ಮಿ ಗುಳಿಗೆಗಳನ್ನು ಕವಳದ ಸಂಚಿಯ ಒಳಪದರಕ್ಕೆ ಹಾಕಿಕೊಂಡಳು. ದಿನಾ ಉಂಡಾದ ಮೇಲೆ ಎಲೆಯಡಿಕೆಗೆ ಕೈ ಹಾಕಿದ ಹಾಗೆ ಕೈ ಹಾಕಿ ಒಂದನ್ನು ನುಂಗುತ್ತಿದ್ದಳು.

ಮಾಘದ ಹುಣ್ಣಿಮೆ ಬಂತು. ನಾಲ್ಕನೆಯ ದಿನ ಸುಕ್ರಿ ಬೆಳಿಗ್ಗೆ ಕರಟ ತೊಳೆದಿಟ್ಟಳು. ಬೊಮ್ಮಿ ಹೊರಗೆ ಹೋಗಲಿಲ್ಲ. ಐದು, ಆರು, ಏಳನೆಯ ದಿನಗಳೂ ಕಳೆದವು. ಎಂಟನೆಯ ದಿನ ಬೊಮ್ಮಿ ಒಲೆಯ ಮುಂದೆ ಮೀನಿನ ವಾಸನೆಗೆ ಓಕರಿಸಿದಳು. ಸುಕ್ರಿ ಕಡೆಯುವ ಕಲ್ಲಿನ ಮೇಲೆ ಕೈ ನಿಲ್ಲಿಸಿ ಅವಳನ್ನೇ ನೋಡಿದಳು. ಏನೂ ಕೇಳಲಿಲ್ಲ.

ಆ ಕೇರಿಯಲ್ಲಿ ಬಸಿರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಐದು ತುಂಬುವವರೆಗೆ ಯಾರೂ ಕೇಳಬಾರದು, ಯಾರೂ ಹೇಳಬಾರದು. ಹೇಳಿದರೆ ನಾಲಗೆಯ ದೃಷ್ಟಿ ತಾಗಿ ಜಾರುತ್ತದೆ. ಹೊರಗಿನ ಮಾಡಿನಲ್ಲಿ ಯಾರು ಕೂತರು, ಯಾರು ಕೂರಲಿಲ್ಲ ಎಂಬುದನ್ನು ಕಣ್ಣಿನಿಂದಲೇ ಎಣಿಸಿ, ಕಣ್ಣಿನಿಂದಲೇ ಒಬ್ಬರಿಗೊಬ್ಬರು ದಾಟಿಸುತ್ತಾರೆ. ಬೊಮ್ಮಿಯ ಸುದ್ದಿ ಒಂದು ಮಾತೂ ಇಲ್ಲದೆ ಕೇರಿಯ ಹನ್ನೊಂದೂ ಮನೆ ತಿರುಗಿತು.

ಫಾಲ್ಗುಣದಲ್ಲೂ ಅವಳು ಹೊರಗೆ ಕೂರಲಿಲ್ಲ. ಒಂದು ಮಧ್ಯಾಹ್ನ ಸುಕ್ರಿ ಬಂಗಡೆಯ ಸಾರು ಬಡಿಸಿದಳು. ಮನೆಯಲ್ಲಿ ಮೀನಿನ ನಡುವಿನ ತುಂಡು ಶನಿಯಾರನದು. ತಲೆ ಇಲ್ಲವೆ ಬಾಲ ಬೊಮ್ಮಿಯದು. ಹನ್ನೆರಡು ವರ್ಷ ಹಾಗೇ. ಆ ದಿನ ನಡುವಿನ ತುಂಡು ಬೊಮ್ಮಿಯ ಬಟ್ಟಲಿಗೆ ಬಿತ್ತು.

ಬೊಮ್ಮಿ ಬಟ್ಟಲಿನಿಂದ ಕೈ ತೆಗೆದಳು. "ಅತ್ತೇ, ನಾನೊಂದು ಮಾತು..."

"ಶ್! ಬಾಯಿ ಮುಚ್ಚು. ಮಾತಾಡೂ ತಿಂಗಳಲ್ಲ ಇದು." ಸುಕ್ರಿ ಪಕ್ಕದಲ್ಲೇ ಕೂತಳು. ಅವಳ ಒರಟು ಕೈ ಬೊಮ್ಮಿಯ ಬೆನ್ನಿನ ಮೇಲೆ ಬಂತು. ಬೆನ್ನು ಬೆಚ್ಚಿತು. ಆ ಕೈ ಹೀಗೂ ಬರುತ್ತದೆಂದು ಬೆನ್ನಿಗೆ ಗೊತ್ತಿರಲಿಲ್ಲ. "ತಿನ್ನು. ಮುಳ್ಳು ನೋಡ್ಕಂಡು ತಿನ್ನು."

ಬೊಮ್ಮಿ ಹೇಳಲು ಬಾಯಿ ತೆರೆದಿದ್ದಳು. ತೆರೆದ ಬಾಯಿಗೆ ಅನ್ನ ಹೋಯಿತು.

ಮುಟ್ಟಳ್ಳಿಯ ಹುಡುಗಿಯ ಮಾತು ನಿಂತಿತು. ಒರಳಿನ ಮುಂದೆ ಸುಕ್ರಿ ತಾನೇ ನಿಂತಳು. ಗಂಗೆಯ ಜೊತೆ ತಿಂಗಳಿಗೊಮ್ಮೆ ಹೊನ್ನಾವರಕ್ಕೆ ಹೋಗಿ ಬರುತ್ತೇನೆ ಎಂದರೆ, "ಹೋಗು, ಲಾಂಚಲ್ಲಿ ಅಂಚಿಗೆ ಕೂತ್ಕಬೇಡ" ಎಂದು ಕಳಿಸಿದಳು. ಒಡೆಯರ ಮನೆಗೂ ಸುದ್ದಿ ಹೋಗಿ ದುರ್ಗಪ್ಪ ಹೊರೆ ಹೊರುವುದಕ್ಕೆ ಅವಳನ್ನು ಕರೆಯುವುದು ಬಿಟ್ಟ. ಶನಿಯಾರನನ್ನು ಕೇರಿಯ ಗಂಡಸರು ಬೆನ್ನು ತಟ್ಟಿ, "ತಡ ಆದ್ರೂ ಸಾಧಿಸ್ದೆ ಕಾಣು!" ಎಂದು ಕಳ್ಳು ಕುಡಿಸಿದರು. ಅವನು ನಾಚಿ ನಕ್ಕ. ಆ ಗಂಡಸರಲ್ಲಿ ನಿಜ ಗೊತ್ತಿದ್ದವನು ಅವನೊಬ್ಬನೆ. ಬೊಮ್ಮಿ ಅವನನ್ನು ಕೇಳಿದಳು, "ಎಂತ ಮಾಡೂದು ಈಗ? ಹೇಳಿಬಿಡುವನಾ?"

"ಎಂತಕ್ಕೆ? ಯಾರಿಗೆ ಎಂತ ತೊಂದ್ರೆ ಆಗಿದೆ?" ಎಂದ.

ನಿಜಕ್ಕೂ ಯಾರಿಗೂ ತೊಂದರೆಯಾಗಿರಲಿಲ್ಲ. ಬೊಮ್ಮಿಯ ನೋವು ಹೋಗಿತ್ತು. ಚೈತ್ರದ ಹುಣ್ಣಿಮೆಯ ಸಂಜೆ ಅಂಗಳದಲ್ಲಿ ನಿಂತು ಅವಳು ಚಂದ್ರ ಮೇಲೇಳುವುದನ್ನು ನೋಡಿದಳು. ಹೆದರಿಕೆಯಾಗಲಿಲ್ಲ. ಅದು ಬರೀ ಚಂದ್ರನಾಗಿತ್ತು. ಇಷ್ಟು ವರ್ಷ ಉಳಿದ ಹೆಂಗಸರು ಇದನ್ನು ಹೀಗೆ ನೋಡುತ್ತಿದ್ದರೇ ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು.

ಜ್ಯೇಷ್ಠದಲ್ಲಿ, ಮಳೆ ಹಿಡಿಯುವ ಮೊದಲು, ಸುಕ್ರಿ ಬಯಕೆ ಊಟ ಮಾಡಿಸಿದಳು. ಹನ್ನೊಂದು ಮನೆಯ ಹೆಂಗಸರೂ ಬಂದರು. ಐದು ತುಂಬಿದೆ, ಇನ್ನು ಬಾಯಿಬಿಟ್ಟು ಆಡಬಹುದು. ಐದು ತಿಂಗಳು ಕಟ್ಟಿಟ್ಟ ಮಾತೆಲ್ಲ ಒಮ್ಮೆಗೇ ಹೊರಬಿತ್ತು.

"ಹೊಟ್ಟೆ ಕಾಣೂದೇ ಇಲ್ವಲ್ಲೇ ಬೊಮ್ಮಿ. ಎಲ್ಲಿ ಅಡಗಿಸಿ ಇಟ್ಟೀಯೆ?"

"ಗಂಡು ಅದು. ಬೆನ್ನಿಗೆ ಅಂಟ್ಕಂಡಿರ್ತದೆ. ಅಪ್ಪನ ಹಾಂಗೆ ನಾಚ್ಕೆ."

"ಶನಿಯಾರಂಗೆ ನಾಚ್ಕೆ ಇದ್ರೆ ಇದು ಆಗ್ತಿತ್ತಾ?"

ಮನೆ ಬೀಳುವ ಹಾಗೆ ನಗು. ಆ ನಗುವಿನ ನಡುವೆ ಸುಕ್ರಿ ಒಳಗಿನಿಂದ ಒಂದು ಚಿಂದಿ ಗಂಟು ತಂದು ಬಿಚ್ಚಿದಳು. ಬೆಳ್ಳಿಯ ಸಣ್ಣ ಉಡದಾರ, ಕಪ್ಪಾಗಿತ್ತು. ಸತ್ತ ಆರು ಮಕ್ಕಳು ಒಬ್ಬರ ನಂತರ ಒಬ್ಬರು ಕಟ್ಟಿಕೊಂಡದ್ದು. ಸುಕ್ರಿ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತ ಕೂತಳು. ತಿಕ್ಕಿದಂತೆಲ್ಲ ಬೆಳ್ಳಿ ಬಿಳಿಯಾಗುತ್ತ ಬಂತು.

ಬೊಮ್ಮಿ ಅಂದು ಹೇಳಬಹುದಿತ್ತು. ಮಾತಿಗೆ ಹಾಕಿದ ಕಟ್ಟು ಹೋಗಿತ್ತು. ಅತ್ತೆಯ ಕೈಯ ಬೆಳ್ಳಿ ನೋಡಿದಳು. ಸುಮ್ಮನಾದಳು. ಬೊಮ್ಮಿಯ ತಪ್ಪು ಏನಾದರೂ ಇದ್ದರೆ ಅದೊಂದೇ.

ಆಷಾಢದಲ್ಲಿ ಹೊಳೆ ತುಂಬಿತು. ಕಾಸರಕೋಡಿನಲ್ಲಿ ಲಾಂಚು ಕಟ್ಟಿಹಾಕಿದರು. ಒಂದು ವಾರ ಹೋಯಿತು. ಸಂಚಿಯಲ್ಲಿ ನಾಲ್ಕು ಗುಳಿಗೆ ಉಳಿದವು. ಬೊಮ್ಮಿ ಗಂಡನ ಹಿಂದೆ ಹಿಂದೆ ತಿರುಗಿದಳು. "ಹೇಂಗಾರೂ ದಾಟಿ ತನ್ನಿ. ದೋಣಿಯವ್ರು ಯಾರಾದ್ರೂ ಸಿಗ್ತ್ರು. ಬಿಟ್ರೆ ಒಮ್ಮೆಲೆ ಬತ್ತದೆ ಅಂದಿದ್ದಾರೆ ಬಾಯಿ."

"ಆ ಹೊಳೆಲಿ ನಾನು ಸಾಯ್ಲಾ? ಐದು ತಿಂಗ್ಳು ನುಂಗಿದ್ದೀಯಲ್ಲೇ, ಗುಣ ಆಗ್ಲಿಲ್ವಾ ಇನ್ನೂ?"

ನಾಲ್ಕು ಗುಳಿಗೆಗಳೂ ಮುಗಿದವು. ಮುಗಿದ ನಾಲ್ಕನೆಯ ದಿನ ಒಡೆಯರ ಗದ್ದೆಯಲ್ಲಿ ನೆಟ್ಟಿ ನಡೆಯುತ್ತಿತ್ತು. ಬೊಮ್ಮಿ ಬಗ್ಗಿ ಸಸಿ ಊರುತ್ತಿದ್ದಳು. ಒಳಗೆ ಆ ಹಳೆಯ ಕತ್ತಿ ತಿರುಗಿತು. ಗುರುತು ಸಿಕ್ಕಿತು. ಬೊಮ್ಮಿ "ಬಂತು" ಎಂದಳು, ಯಾರಿಗೋ ಹೇಳುವವಳ ಹಾಗೆ. ಬಿಸಿಯಾಗಿ ತೊಡೆಯಲ್ಲಿ ಇಳಿದದ್ದು ಗದ್ದೆಯ ನೀರಿಗೆ ಸೇರಿ ಅವಳ ಸುತ್ತ ಕೆಂಪಾಗಿ ಹರಡಿತು. ಪಕ್ಕದ ಸಾಲಿನವಳು ನೋಡಿ ಕೂಗಿಕೊಂಡಳು.

ಹೆಂಗಸರು ಅವಳನ್ನು ಎತ್ತಿಕೊಂಡು ಬಂದರು. ಮಾಡಿಗೆ ಒಯ್ಯಲಿಲ್ಲ. ಮನೆಯೊಳಗೆ, ಬಾಣಂತಿ ಮಲಗುವ ಮೂಲೆಗೆ ಒಯ್ದರು. ಮುಟ್ಟಾದರೆ ಹೊರಗೆ. ಬಸಿರು ಇಳಿದರೆ ಒಳಗೆ. ರಕ್ತ ಅದೇ.

ಆ ಮೂರು ದಿನ ಸುಕ್ರಿ ಬೊಮ್ಮಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮೆಣಸಿನಕಾಳಿನ ಕಷಾಯ ಕುಡಿಸಿದಳು. ಬೊಮ್ಮಿ ನೋವಿಗೆ ಹೊರಳಿದಾಗ, "ಅಳು ಮಗಾ, ಅತ್ತುಬಿಡು, ನಾನೂ ಆರು ಸಲ ಅತ್ತಿದ್ದೆ" ಎಂದಳು. ಕೇರಿ ಬಂದು ಬಾಗಿಲಲ್ಲಿ ಅತ್ತು ಹೋಯಿತು. ರಕ್ತದ ಬಟ್ಟೆಗಳನ್ನು ಸುಕ್ರಿ ತನ್ನ ಕೈಯಾರೆ ಹಿತ್ತಿಲಿನ ಹಲಸಿನ ಬುಡದಲ್ಲಿ ಹೂಳಿದಳು. ಮೇಲೊಂದು ಕಲ್ಲು ನೆಟ್ಟಳು. ಬೆಳ್ಳಿಯ ಉಡದಾರವನ್ನೂ ಅದರ ಜೊತೆಗೇ ಹೂಳಿದಳು. ಇನ್ನು ಅದನ್ನು ಕಟ್ಟಿಕೊಳ್ಳುವವರು ಬರುವುದಿಲ್ಲ ಎಂದಳು.

ಬೊಮ್ಮಿಗೆ ಅದನ್ನು ತಾಳಲು ಆಗಲಿಲ್ಲ. ನೋವನ್ನು ತಾಳಿದ್ದಳು. ಇದು ಆಗಲಿಲ್ಲ.

"ಅತ್ತೇ. ಕೂಸು ಇರ್ಲಿಲ್ಲ."

"ಹಾಂಗೆಲ್ಲ ಹೇಳ್ಬೇಡ. ಇತ್ತು. ಹೋಯ್ತು."

"ಇರ್ಲಿಲ್ಲ ಅತ್ತೇ. ನನ್ನ ನೋವಿಗೆ ಹೊನ್ನಾವರದಲ್ಲಿ ಗುಳಿಗೆ ಕೊಟ್ಟಿದ್ರು. ಅದ್ರಿಂದ ಮುಟ್ಟು ನಿಂತಿತ್ತು. ಗುಳಿಗೆ ಮುಗೀತು, ಬಂತು. ಅಷ್ಟೇ."

ಸುಕ್ರಿಯ ಕೈ ಬೊಮ್ಮಿಯ ತಲೆಗೂದಲಲ್ಲಿ ಹಾಗೇ ನಿಂತಿತು.

"ಹಾಂಗಾರೆ ನಾ ಮಣ್ಣು ಮಾಡಿದ್ದು ಎಂತದು?"

"ನನ್ನ ಮುಟ್ಟಿನ ಬಟ್ಟೆ."

ತೊಡೆಯ ಮೇಲಿದ್ದ ತಲೆ ನೆಲಕ್ಕೆ ಬಿತ್ತು. ಸುಕ್ರಿ ಎದ್ದು ನಿಂತಿದ್ದಳು. ಅವಳ ಕೂಗು ಹನ್ನೊಂದು ಮನೆಗೂ ಕೇಳಿಸಿತು.

"ತಿಂದ್ಯಲ್ಲೇ! ಐದು ತಿಂಗ್ಳು ನನ್ನ ಮೊಮ್ಮಗನ ಪಾಲು ತಿಂದ್ಯಲ್ಲೇ!"

ಸಂಜೆಯಾಗುವಷ್ಟರಲ್ಲಿ ಬೊಮ್ಮಿ ಮಾಡಿನ ಕೆಳಗಿದ್ದಳು. ಮಾರನೆಯ ಬೆಳಿಗ್ಗೆ ಕೇರಿಯಲ್ಲಿ ಮಾತು ಬೇರೆಯಾಗಿತ್ತು. ಕೂಸು ಇತ್ತಂತೆ. ಗುಳಿಗೆ ನುಂಗಿ ಇವಳೇ ಇಳಿಸಿದಳಂತೆ. ಈ ಮಾತನ್ನು ಮೊದಲು ಹೇಳಿದವಳು ಸುಕ್ರಿ. ಬೊಮ್ಮಿಗೆ ಸಿಟ್ಟು ಬರಲಿಲ್ಲ. ಇಲ್ಲದ ಮೊಮ್ಮಗನಿಗಿಂತ ಸತ್ತ ಮೊಮ್ಮಗನೇ ಮುದುಕಿಗೆ ಹಗುರ. ಸತ್ತವರನ್ನು ಹೇಗೆ ಸುಧಾರಿಸಿಕೊಳ್ಳಬೇಕೆಂದು ಅವಳಿಗೆ ಗೊತ್ತು. ದಿನಾ ಬೆಳಕು ಹರಿಯುವಾಗ ಸುಕ್ರಿ ಬಾಳೆಲೆಯಲ್ಲಿ ಅನ್ನ ಮೀನು ತಂದು ಹಲಸಿನ ಬುಡದ ಕಲ್ಲಿನ ಮುಂದೆ ಇಡತೊಡಗಿದಳು. ಮಾಡಿನಿಂದ ಹತ್ತು ಮಾರು ದೂರ. ಕರಟಕ್ಕೆ ಮಾತ್ರ ಗಂಜಿ ಬೀಳಲಿಲ್ಲ.

ಎರಡು ದಿನ ಬೊಮ್ಮಿ ಸೂರಿನಿಂದ ಇಳಿದ ಮಳೆನೀರು ಕುಡಿದಳು.

ಮೂರನೆಯ ದಿನ ಮಳೆ ತುಸು ಬಿಟ್ಟು ಹೊಳವಾಯಿತು. ಬೊಮ್ಮಿಯ ನ್ಯಾಯ ತೀರಿಸಲು ಗೌಡರ ಅಂಗಳದಲ್ಲಿ ಕೇರಿ ಕೂಡಿತು. ಅಂದು ಬೆಳಿಗ್ಗೆಯೇ ಗಂಗೆ ಬೇಲಿಯಾಚೆಯಿಂದ ಒಂದು ಪೊಟ್ಟಣ ತೂರಿಸಿದ್ದಳು. "ನಿನ್ನೆ ಲಾಂಚು ಬಿಟ್ರು. ಬಾಯಿ ಬೈದ್ರು, ಬಿಡ್ಬಾರ್ದಿತ್ತು ಅಂದ್ರು. ಇವತ್ತಿಂದ್ಲೇ ಸುರು ಮಾಡಬೇಕಂತೆ. ಉಂಡ್ಕಂಡು ನುಂಗು" ಎಂದು, ಯಾರೋ ಕೆಮ್ಮಿದ್ದು ಕೇಳಿ ಓಡಿಹೋಗಿದ್ದಳು. ಉಣ್ಣುವುದು ಎಲ್ಲಿಂದ ಎಂದು ಕೇಳಲು ಹೊತ್ತು ಸಿಕ್ಕಿರಲಿಲ್ಲ. ಪೊಟ್ಟಣ ಸಂಚಿಯಲ್ಲಿತ್ತು, ಸಂಚಿ ಸೊಂಟದಲ್ಲಿತ್ತು.

ಗೌಡ ವೆಂಕ್ಟ್ರಮಣ ಚಾಪೆಯ ಮೇಲೆ ಕೂತಿದ್ದ. ಜಗಲಿಯ ಮೇಲೆ, ಎಲ್ಲರಿಗಿಂತ ಎತ್ತರದಲ್ಲಿ, ದುರ್ಗಪ್ಪ. ಗೌಡನೂ ಒಡೆಯರ ಗೇಣಿಯವನೇ. ಮಾತಾಡುವ ಮೊದಲು ಅವನು ಜಗಲಿಯ ಕಡೆ ನೋಡುತ್ತಿದ್ದ.

"ಶನಿಯಾರ, ಗುಳಿಗೆ ವಿಷ್ಯ ನಿಂಗೆ ಗೊತ್ತಿತ್ತಾ?"

ಬೊಮ್ಮಿ ಗಂಡನ ಮುಖ ನೋಡಿದಳು. ಬಾವಿಕಟ್ಟೆಯ ಹತ್ತಿರ ಗುಳಿಗೆ ಹೊರಳಿಸಿ ನೋಡಿದ ಅವನ ಅಂಗೈ ನೋಡಿದಳು. ಅವನು ಆ ಅಂಗೈಯನ್ನು ಮುಷ್ಟಿ ಮಾಡಿದ.

"ನಂಗೊತ್ತಿಲ್ಲ ಗೌಡ್ರೇ. ನನ್ನ ಹತ್ರ ಹೇಳ್ಲಿಲ್ಲ."

ಹನ್ನೆರಡು ವರ್ಷ ಬೊಮ್ಮಿ ಅವನ ಪಕ್ಕದಲ್ಲಿ ಹಲ್ಲು ಕಚ್ಚಿ ಮಲಗಿದ್ದಳು. ಅಷ್ಟೂ ನೋವು ಸೇರಿದರೂ ಈ ಒಂದು ಮಾತಿನಷ್ಟು ಆಗಿರಲಿಲ್ಲ.

ದುರ್ಗಪ್ಪ ಕವಳ ಉಗುಳಿದ. "ಬಸುರಿ ಅಂತ ಹೇಳಿ ಐದು ತಿಂಗ್ಳು ಒಡೇರಿಗೂ ಮೋಸ ಮಾಡಿದ್ದಾಳೆ. ಒಂದು ಹೊರೆ ಸೊಪ್ಪು ಹೊರ್ಲಿಲ್ಲ."

ಗೌಡ ತೀರ್ಪು ಹೇಳಿದ. ಹನ್ನೊಂದು ಮನೆಯ ಅಂಗಳದಲ್ಲೂ ಅಡ್ಡಬೀಳಬೇಕು. ಅಡ್ಡಬಿದ್ದು, ಕೂಸು ಕೊಂದೆ ತಪ್ಪಾತು ಎನ್ನಬೇಕು. ಗುಳಿಗೆ ಒಲೆಗೆ ಹಾಕಬೇಕು. ಇನ್ನು ಹೊಳೆ ದಾಟಬಾರದು. ಹಾಗಾದರೆ ಮನೆಯೊಳಗೆ ತೆಗೆದುಕೊಳ್ಳುವುದು.

"ಎಂತ ಹೇಳ್ತೆ ಬೊಮ್ಮಿ? ಆತಾ?"

ಬೊಮ್ಮಿಗೆ ನಾಲ್ಕು ಜನರೆದುರು ಮಾತಾಡಿ ಗೊತ್ತಿರಲಿಲ್ಲ. ಹೊಟ್ಟೆಯಲ್ಲಿ ಹಸಿವೂ ನೋವೂ ಒಂದಕ್ಕೊಂದು ಹೆಣೆದುಕೊಂಡಿದ್ದವು.

"ಇಲ್ಲ."

"ಎಂತ ಇಲ್ಲ?"

"ಅಡ್ಡ ಬೀಳೂದಿಲ್ಲ. ಗುಳಿಗೆ ಕೊಡೂದಿಲ್ಲ."

ಆಮೇಲೆ ಬಂದ ಮಾತು ಬೊಮ್ಮಿಗೇ ಹೊಸದು.

"ಅತ್ತೆ ಹತ್ರ ಸತ್ಯ ಹೇಳ್ಲಿಲ್ಲ. ಅದು ತಪ್ಪು. ಅತ್ತೆ ಕಾಲಿಗೆ ಬೀಳ್ತೆ, ಈಗ್ಲೇ ಬೀಳ್ತೆ. ಕೂಸು ಕೊಂದೆ ಅಂತ ಸಾಯುವರೆಗೂ ಹೇಳೂದಿಲ್ಲ. ಕೂಸು ಇರ್ಲಿಲ್ಲ. ನಾನಿದ್ದೆ. ಇಲ್ಲದ ಕೂಸಿಗೆ ಮೀನು ಹಾಕಿದ್ರಿ, ಹೊರೆ ಇಳಿಸಿದ್ರಿ, ಬೆನ್ನು ಸವರಿದ್ರಿ. ಇದ್ದ ನಂಗೆ ಎಂತ ಮಾಡಿದ್ರಿ? ಹನ್ನೆರಡು ವರ್ಷ ಆ ಮಾಡಲ್ಲಿ ಒದ್ದಾಡ್ದೆ. ಎಂತದೇ ಬೊಮ್ಮಿ ನೋವು ಅಂತ ಒಬ್ರು ಕೇಳಿದ್ರಾ?" ಅವಳು ಜಗಲಿಯ ಕಡೆ ತಿರುಗಿದಳು. ಎಂದೂ ಎತ್ತದ ಮುಖ ಎತ್ತಿದಳು. "ದುರ್ಗಪ್ಪಯ್ಯ, ಗದ್ದೆಲಿ ಮೊಟ್ಟೆ ಇಡ್ತೀಯಾ ಅಂದಿದ್ರಲ್ಲ. ಇಟ್ಟೆ. ನೀರು ಕೆಂಪಾಗಿತ್ತು. ಕಂಡ್ರಾ? ಆ ನೀರಲ್ಲೇ ನೆಟ್ಟಿ ಮುಗ್ಸಿದ್ರಿ. ಆ ಅನ್ನ ಒಡೇರು ಉಣ್ಲಿ."

ದುರ್ಗಪ್ಪ ಎದ್ದು ನಿಂತ. ಯಾರೂ ನಗಲಿಲ್ಲ.

ಬೊಮ್ಮಿ ಸುಕ್ರಿಯ ಹತ್ತಿರ ನಡೆದು ಬಂದು ನೆಲಕ್ಕೆ ಬಿದ್ದಳು. ಹಣೆ ಅತ್ತೆಯ ಪಾದಕ್ಕೆ ತಾಗುವ ಮೊದಲೇ ಪಾದ ಹಿಂದೆ ಸರಿಯಿತು. ಹಣೆಗೆ ಸಿಕ್ಕಿದ್ದು ಒದ್ದೆ ಮಣ್ಣು.

ಇವಳಿಗೆ ಬೆಂಕಿ ಇಲ್ಲ, ನೀರು ಇಲ್ಲ, ಕೆಲಸಕ್ಕೆ ಕರೆ ಇಲ್ಲ ಎಂದು ಗೌಡ ಹೇಳಿದ. ನಾಳೆಯೊಳಗೆ ಕೇರಿ ಬಿಡಬೇಕು. ತಿಂಗಳಿಗೆ ಮೂರು ದಿನ ಹೊರಗಿಟ್ಟವರು ಮೂವತ್ತೂ ದಿನ ಹೊರಗಿಟ್ಟರು. ಲೆಕ್ಕ ಸರಳವಾಯಿತು. ಶನಿಯಾರ ತಲೆ ಎತ್ತಲಿಲ್ಲ.

ಬೆಳಕು ಹರಿಯಿತು. ಬೊಮ್ಮಿ ಎರಡು ಸೀರೆಗಳನ್ನು ಗಂಟು ಕಟ್ಟಿ ಮಾಡಿನ ಕೆಳಗೆ ಕೂತಿದ್ದಳು. ಹೊನ್ನಾವರದಲ್ಲಿ ಏನಿದೆಯೋ ಗೊತ್ತಿರಲಿಲ್ಲ. ಆಸ್ಪತ್ರೆಯ ಜಗಲಿಯ ಬಿಸಿಲಿನ ಬದಿ ಇದೆ. ಗಂಗೆಯ ಬುಟ್ಟಿಯ ಜೊತೆ ಇನ್ನೊಂದು ಬುಟ್ಟಿ ಹೊರಬಹುದು. ಗುಳಿಗೆ ನಿಲ್ಲಿಸುವ ಹಾಗಿಲ್ಲ. ಸಂಚಿಯಿಂದ ಒಂದನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು. ಖಾಲಿ ಹೊಟ್ಟೆಗೆ ನುಂಗಬಾರದು.

ಸುಕ್ರಿ ಬಂದಳು. ಮಾಡಿನ ಕಡೆ ನೋಡದೆ ಹಲಸಿನ ಬುಡಕ್ಕೆ ಹೋಗಿ ಕಲ್ಲಿನ ಮುಂದೆ ಬಾಳೆಲೆ ಇಟ್ಟಳು. ನೀರು ಬಿಟ್ಟಳು. ಸ್ವಲ್ಪ ಹೊತ್ತು ನಿಂತು, ಕಣ್ಣೊರೆಸಿಕೊಂಡು ತಿರುಗಿದಳು. ಕಾಗೆ ಇನ್ನೂ ಬಂದಿರಲಿಲ್ಲ.

ಬೊಮ್ಮಿ ಎದ್ದಳು. ಹತ್ತು ಮಾರು ನಡೆದು ಕಲ್ಲಿನ ಮುಂದೆ ಕೂತಳು. ಕುಚಲಕ್ಕಿಯ ಅನ್ನ, ಇನ್ನೂ ಬಿಸಿಯಿತ್ತು. ಅದರ ಮೇಲೆ ಬಂಗಡೆಯ ನಡುವಿನ ತುಂಡು. ಆ ಕಲ್ಲಿನ ಕೆಳಗೆ ಅವಳದೇ ರಕ್ತವಿತ್ತು. ಬೇರೆ ಯಾರೂ ಇರಲಿಲ್ಲ.

ಅವಳು ಉಂಡಳು.

ಹಿತ್ತಿಲ ಬಾಗಿಲಲ್ಲಿ ಸುಕ್ರಿ ತಿರುಗಿ ನೋಡಿದಳು. ಕೈಯಲ್ಲಿ ಖಾಲಿ ಚೊಂಬು. ಅವಳ ಬಾಯಿ ತೆರೆಯಿತು. ಬೈಗುಳ ಬಂದಿತ್ತೋ, ಮೀನು ಬಡಿಸಿದಾಗಲೆಲ್ಲ ಹೇಳುತ್ತಿದ್ದ ಆ ಮುಳ್ಳಿನ ಮಾತು ನಾಲಗೆಯ ತುದಿಗೆ ಬಂದಿತ್ತೋ. ಬೊಮ್ಮಿ ತುತ್ತು ಹಿಡಿದ ಕೈ ನಿಲ್ಲಿಸಿ ಕಾದಳು. ನಿಜವಾಗಿಯೂ ಕಾದಳು.

ಸುಕ್ರಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಬೊಮ್ಮಿ ತಾನೇ ಮುಳ್ಳು ನೋಡಿಕೊಂಡು ತಿಂದಳು. ಒಂದೊಂದೇ ಮುಳ್ಳು ತೆಗೆದು ಎಲೆಯ ಅಂಚಿಗೆ ಇಟ್ಟಳು. ಕೊನೆಯ ಅಗುಳಿನವರೆಗೆ ಉಂಡಳು. ಗುಳಿಗೆಯನ್ನು ನಾಲಗೆಯ ಮೇಲಿಟ್ಟು, ಹಲಸಿನ ಎಲೆಯಲ್ಲಿ ನಿಂತ ಮಳೆನೀರಿನಿಂದ ನುಂಗಿದಳು. ಎಲೆ ಮಡಚಿದಳು. ಗಂಟು ತಲೆಗೆ ಇಟ್ಟುಕೊಂಡು ಬೇಲಿ ದಾಟಿದಳು.

ಕಾಸರಕೋಡಿನ ಮೊದಲ ಬಸ್ಸಿಗೆ ಇನ್ನೂ ಹೊತ್ತಿತ್ತು. ಒಳಗೆ ಕತ್ತಿ ತಿರುಗುತ್ತಲೇ ಇತ್ತು. ಬೊಮ್ಮಿ ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟು, ಅದಕ್ಕೆ ಮಾತ್ರ ಕೇಳುವಷ್ಟು ಸಣ್ಣಗೆ ಹೇಳಿದಳು.

"ಉಂಡಿದ್ದೆ. ನುಂಗಿದ್ದೆ. ತಡಕೋ."